ಸ್ಪಿರಿಟ್ಟಿನ ವಾಸನೆ

ನಿಮ್ಮ ಅಜ್ಜ ಆಸ್ಪತ್ರೆಯಲ್ಲಿ ಸೂಜಿ ಮಸೆಯುವ ಕೆಲಸ ಮಾಡುತ್ತಿದ್ದರು. ಈ ಮಾತು ಕೇಳಿದರೆ ನಿಮಗೆ ನಗು ಬರಬಹುದು. ಈಗ ಇಂಜೆಕ್ಷನ್ ಕೊಟ್ಟ ಕೂಡಲೇ ಸೂಜಿಯನ್ನು ಡಬ್ಬಿಗೆ ಹಾಕಿಬಿಡುತ್ತಾರೆ. ಎಪ್ಪತ್ತರ ಇಸವಿಯ ಆಸುಪಾಸಿನಲ್ಲಿ ಹಾಗಿರಲಿಲ್ಲ. ಸೂಜಿ ಎಂದರೆ ಅಡುಗೆಮನೆಯ ಈಳಿಗೆಮಣೆ ಇದ್ದ ಹಾಗೆ, ಮೊಂಡಾದರೆ ಮಸೆದು ಮತ್ತೆ ಬಳಸಬೇಕು.

ನಿಮ್ಮಪ್ಪ ನಿಮಗೆ ತನ್ನ ತಂದೆಯ ವಿಷಯ ಹೆಚ್ಚು ಹೇಳಿಲ್ಲ. ಹೇಳಿದ್ದು ಒಂದೇ ಮಾತು, ಕುಡಿದು ಲಿವರ್ ಕೆಡಿಸಿಕೊಂಡು ಸತ್ತರು ಎಂದು. ಅದು ಸುಳ್ಳು. ಆ ಸುಳ್ಳು ಹೇಗೆ ಹುಟ್ಟಿತು, ಅದನ್ನು ಯಾರು ಬೆಳೆಸಿದರು ಎಂದು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ನನ್ನಿಂದ ಆಗಿಲ್ಲ. ನಾಲ್ಕು ಜನರ ಎದುರು ನನಗೆ ಮಾತೇ ಹೊರಡುವುದಿಲ್ಲ ಎಂಬುದು ನಿಮಗೆ ಗೊತ್ತು. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತದ್ದು ಇದಕ್ಕಾದರೂ ಒದಗಲಿ.

ನಾವು ತಿಪಟೂರಿನ ಕಡೆಯವರು. ಮದುವೆಯಾಗಿ ರಾಜಾಜಿನಗರದ ಒಂದು ವಠಾರಕ್ಕೆ ಬಂದೆ. ಎಂಟು ಮನೆ, ಒಂದು ನಲ್ಲಿ. ನಿಮ್ಮಜ್ಜನ ಆಸ್ಪತ್ರೆ ವಿಜಯನಗರದ ಕಡೆ ಇತ್ತು. ದೊಡ್ಡದೇನಲ್ಲ, ಒಂದು ಮಹಡಿ ಮನೆಯನ್ನೇ ನರ್ಸಿಂಗ್ ಹೋಂ ಮಾಡಿದ್ದರು. ಅದರ ಹೆಸರು ಬೇಡ, ಈಗ ಅದು ಉಳಿದೂ ಇಲ್ಲ. ಅವರು ಅಲ್ಲಿ ಅಟೆಂಡರ್. ಗಾಯಕ್ಕೆ ಬಟ್ಟೆ ಕಟ್ಟುವುದಕ್ಕೆ ಕೈ ಜೋಡಿಸುತ್ತಿದ್ದರು, ಸ್ಟ್ರೆಚರ್ ತಳ್ಳುತ್ತಿದ್ದರು. ಆದರೆ ಅವರ ಹೆಮ್ಮೆಯೆಲ್ಲ ಸೂಜಿಯ ಮೇಲೆ.

ಆ ಕೆಲಸ ನಡೆಯುತ್ತಿದ್ದ ರೀತಿಯನ್ನು ಅವರೇ ಊಟ ಮಾಡುತ್ತ ನನಗೆ ಹೇಳಿದ್ದರು. ಬೆಳಿಗ್ಗೆಯಿಂದ ಚುಚ್ಚಿದ ಸೂಜಿಗಳೆಲ್ಲ ಒಂದು ಟ್ರೇಯಲ್ಲಿ ಬಂದು ಬೀಳುತ್ತಿದ್ದವು. ಅವನ್ನು ನಲ್ಲಿ ನೀರಲ್ಲಿ ತೊಳೆಯಬೇಕು. ಒಳಗೆ ರಕ್ತ ಕಟ್ಟಿಕೊಂಡಿದ್ದರೆ ಕೂದಲಿನಂಥ ತಂತಿ ತೂರಿಸಿ ಬಿಡಿಸಬೇಕು. ಆಮೇಲೆ ಸಾಣೆಕಲ್ಲಿಗೆ ಎರಡು ತೊಟ್ಟು ಎಣ್ಣೆ ಹಾಕಿ, ಒಂದೊಂದೇ ಸೂಜಿಯನ್ನು ಓರೆಯಾಗಿ ಹಿಡಿದು ಮಸೆಯಬೇಕು. ತುದಿಯಲ್ಲಿ ಕಣ್ಣಿಗೆ ಕಾಣದ ಕೊಕ್ಕೆ ಉಳಿದಿದ್ದರೆ ಅದು ಮಾಂಸವನ್ನು ಕಿತ್ತುಕೊಂಡು ಬರುತ್ತದೆ. ಕೊಕ್ಕೆ ಇದೆಯೇ ಎಂದು ನೋಡಲು ಹತ್ತಿಯ ಮೇಲೆ ಎಳೆದು ನೋಡಿ ಎಂದು ಹೇಳಿಕೊಟ್ಟಿದ್ದರಂತೆ. ನಿಮ್ಮಜ್ಜ ಹತ್ತಿಯನ್ನು ನಂಬುತ್ತಿರಲಿಲ್ಲ. ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಎಳೆಯುತ್ತಿದ್ದರು. ಉಗುರು ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಸೂಜಿಯನ್ನು ಕುದಿಯುವ ನೀರಿಗೆ ಹಾಕುವುದು. ಅಂದರೆ ಅವರ ಕೈಗೆ ಬರುವ ಸೂಜಿ ಕುದಿಸಿದ್ದಲ್ಲ, ರೋಗಿಯ ಮೈಯಿಂದ ಹಾಗೇ ಎದ್ದು ಬಂದದ್ದು. ಇದರ ಅರ್ಥ ನನಗೆ ಆಗ ತಿಳಿಯಲಿಲ್ಲ. ಅವರಿಗೂ ತಿಳಿದಿತ್ತು ಎಂದು ಅನ್ನಿಸುವುದಿಲ್ಲ.

"ನಾನು ಮಸೆದ ಸೂಜೀಲಿ ಚುಚ್ಚಿದ್ರೆ ಮಗು ಅಳೋದು ಸೂಜಿ ತೆಗೆದ್ಮೇಲೆ ಕಣೇ" ಎಂದು ಒಂದು ಸಲ ಅಂದರು. ಹೊಗಳಿಕೊಳ್ಳುವ ಜಾತಿಯವರಲ್ಲ, ಆ ಒಂದು ವಿಷಯದಲ್ಲಿ ಮಾತ್ರ.

ಉಗುರಿನ ಮೇಲೆ ಎಳೆಯುವಾಗ ಜಾರಿದರೆ ಸೂಜಿ ಬೆರಳಿಗೆ ಹೋಗುತ್ತಿತ್ತು. ದಿನಕ್ಕೆ ಒಂದೆರಡು ಸಲವಾದರೂ ಹೋಗುತ್ತಿತ್ತು. ಜಾಲಿ ಮುಳ್ಳು ಚುಚ್ಚಿದಾಗ ನಾವು ಊರಲ್ಲಿ ಏನು ಮಾಡುತ್ತಿದ್ದೆವೋ ಅದನ್ನೇ ಅವರೂ ಮೊದಮೊದಲು ಮಾಡುತ್ತಿದ್ದರು, ಬೆರಳನ್ನು ಬಾಯಿಗಿಟ್ಟು ಚೀಪಿ ಉಗಿಯುವುದು. ಅಲ್ಲಿನ ಸಿಸ್ಟರ್ ಒಬ್ಬರು ಅದನ್ನು ನೋಡಿ ಬೈದರಂತೆ. ಕೊಡಗಿನ ಕಡೆಯ ಹೆಂಗಸು, ನಿಮ್ಮಜ್ಜನಿಗಿಂತ ಹಿರಿಯರು. ಅಂದಿನಿಂದ ಇವರು ಚುಚ್ಚಿದಾಗಲೆಲ್ಲ ಕೈಯನ್ನು ಸ್ಪಿರಿಟ್ಟಿನ ಬಟ್ಟಲಿಗೆ ಅದ್ದತೊಡಗಿದರು. ಯಾವುದಾದರೂ ಸಲ ಮರೆತಿದ್ದರೆ ಎಂದು ಮನೆಗೆ ಹೊರಡುವ ಮುಂಚೆ ಮೊಣಕೈವರೆಗೆ ಒಂದು ಸಲ ಸವರಿಕೊಂಡೇ ಬರುತ್ತಿದ್ದರು. ಅಂಗಿಯ ತೋಳಿಗೂ ತಾಕುತ್ತಿತ್ತು.

ನನ್ನ ತವರಿನಲ್ಲಿ ಕುಡಿಯುವವರು ಯಾರೂ ಇರಲಿಲ್ಲ. ನಮ್ಮದು ಶಿವಪೂಜೆಯ ಮನೆ. ಸಾರಾಯಿ ಎಂಬುದನ್ನು ನಾನು ಕೇಳಿದ್ದೆ, ಹತ್ತಿರದಿಂದ ಮೂಸಿದವಳಲ್ಲ. ಸ್ಪಿರಿಟ್ಟನ್ನೂ ಮೂಸಿದವಳಲ್ಲ. ಅವರು ಮನೆಯೊಳಗೆ ಬಂದಾಗ ಮೂಗಿಗೆ ಏರುವ ಒಂದು ವಾಸನೆ ಬರುತ್ತಿತ್ತು. ಆಸ್ಪತ್ರೆ ವಾಸನೆ ಎಂದರು. ಸರಿ ಎಂದುಕೊಂಡೆ.

ಎದುರು ಮನೆಯಲ್ಲಿ ಒಬ್ಬಾಕೆ ಇದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳ ಗಂಡ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ, ಕುಡಿತಕ್ಕೆ ಬಿದ್ದಿದ್ದ. ನಾನು ಬಾಣಂತಿಯಾಗಿದ್ದಾಗ ನೀರು ಕಾಯಿಸಿ ಹಾಕಿದವಳು ಅವಳೇ. ಆದ್ದರಿಂದ ಅವಳು ಕೆಟ್ಟವಳು ಎಂದು ಮಾತ್ರ ತಿಳಿಯಬೇಡಿ. ಒಂದು ದಿನ ನಲ್ಲಿಯ ಹತ್ತಿರ ಕೊಡ ತುಂಬುವಾಗ ಅವಳು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು.

"ಏನೇ, ನಿಮ್ಮೆಜಮಾನ್ರೂ ಶುರು ಹಚ್ಕೊಂಡ್ರಾ?"

ಏನನ್ನು ಎಂದೆ.

"ಅದನ್ನೇ ಕಣೇ. ನಿನ್ನೆ ಬಾಗ್ಲಲ್ಲಿ ನನ್ನ ಪಕ್ಕದಲ್ಲೇ ಹಾದು ಹೋದ್ರು."

ಅದು ಆಸ್ಪತ್ರೆ ವಾಸನೆ ಎಂದು ನಾನು ಹೇಳಿದೆ. ಅವಳು ನಕ್ಕಳು. "ನಮ್ಮೋರು ಗಿರಣಿ ಎಣ್ಣೆ ವಾಸನೆ ಅಂತಿದ್ರು. ಹನ್ನೆರಡು ವರ್ಷ ಮೂಸಿದೀನಿ ಕಣಮ್ಮ, ನನಗೆ ಹೇಳ್ಕೊಡ್ತೀಯಾ?"

ಮಾಗಡಿ ರಸ್ತೆಯಲ್ಲಿ ಅವರು ನಡೆದು ಬರುವ ದಾರಿಯಲ್ಲಿ ಒಂದು ಸಾರಾಯಿ ಅಂಗಡಿಯೂ ಇತ್ತು. ಅದರ ಮುಂದೆ ಹಾಯದೆ ಮನೆಗೆ ಬರಲು ಬೇರೆ ದಾರಿಯಿರಲಿಲ್ಲ. ಅಲ್ಲಿ ಅವರನ್ನು ಕಂಡವರಿದ್ದಾರೆ ಎಂದೂ ಅಕ್ಕ ಹೇಳಿದಳು. ಅಂದಿನಿಂದ ಆ ವಾಸನೆ ನನಗೆ ಬೇರೆಯಾಯಿತು. ಅವರು ಬಂದ ಕೂಡಲೇ ಗೊತ್ತಾಗದ ಹಾಗೆ ಹತ್ತಿರ ಹೋಗಿ ಮೂಸಿ ನೋಡುತ್ತಿದ್ದೆ. ಅಂಗಿ ಒಗೆಯುವಾಗ ಮೂಗಿಗೆ ಹಿಡಿಯುತ್ತಿದ್ದೆ. ಒಂದು ಬೆಳಿಗ್ಗೆ ಅವರು ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಿದ್ದಾಗ, ನಾನು ಗೋಡೆಯ ಕಡೆ ನೋಡುತ್ತ, ಕುಡಿಯುವುದಿಲ್ಲ ಎಂದು ಲಿಂಗ ಮುಟ್ಟಿ ಹೇಳಿ ಎಂದು ಕೇಳಿಬಿಟ್ಟೆ. ಅಷ್ಟು ಹೇಳಲು ನನಗೆ ಎಂಟು ದಿನ ಬೇಕಾಗಿತ್ತು.

"ಇಂಥದ್ದಕ್ಕೆಲ್ಲ ಲಿಂಗ ಮುಟ್ಟಲ್ಲ ನಾನು" ಎಂದರು. ಅಷ್ಟೇ. ತಿಂಡಿ ತಿನ್ನದೆ ಕೆಲಸಕ್ಕೆ ಹೋದರು.

ಮುಟ್ಟದೆ ಇದ್ದದ್ದನ್ನು ನಾನು ತಪ್ಪು ಒಪ್ಪಿಕೊಂಡದ್ದು ಎಂದು ತಿಳಿದೆ. ಹೆಂಡತಿಯ ಅನುಮಾನಕ್ಕೆ ಲಿಂಗವನ್ನು ಸಾಕ್ಷಿಗೆ ಎಳೆಯಬಾರದು ಎಂಬುದು ಅವರ ಲೆಕ್ಕ. ಅದು ನನಗೆ ಅರ್ಥವಾದದ್ದು ಅವರು ಹೋದ ಮೇಲೆ.

ಇದಾದ ಮೇಲೆ ಒಂದು ಸಂಜೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದರು. ಕಾಮಾಲೆಯಾದ ಒಬ್ಬ ರೋಗಿಗೆ ಚುಚ್ಚಿದ್ದ ಸೂಜಿ, ದಪ್ಪನೆಯದು, ತುದಿ ಬಾಗಿತ್ತಂತೆ. ನೇರ ಮಾಡಲು ಹೋಗಿ ಉಗುರಿನ ಕೆಳಗೆ ಅರ್ಧದಷ್ಟು ಇಳಿಯಿತಂತೆ. ಸಿಸ್ಟರ್ ಟಿಂಚರ್ ಹಾಕಿ ಕಟ್ಟಿದರಂತೆ. ಆ ರೋಗಿ ವಾರದೊಳಗೆ ತೀರಿಕೊಂಡ. ಪಾಪ, ಎಳೆಯ ವಯಸ್ಸಿನವ ಎಂದು ಮರುಗಿದರು. ಬೆರಳು ಬೇಗ ವಾಸಿಯಾಯಿತು. ನಾವಿಬ್ಬರೂ ಅದನ್ನು ಮರೆತೆವು.

ಮೂರು ತಿಂಗಳು ಕಳೆದಿರಬೇಕು. ಅವರಿಗೆ ಊಟ ಸೇರದಾಯಿತು. ಒಗ್ಗರಣೆ ಸಿಡಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಮೈ ಕೈ ನೋವು, ಉಷ್ಣ ಎಂದರು. ಎಳನೀರು ತರಿಸಿಕೊಟ್ಟೆ. ಕುಡಿಯುವವರಿಗೆ ಊಟ ಸೇರುವುದಿಲ್ಲ ಎಂದು ಅಕ್ಕ ಹೇಳಿದ್ದಳು, ಅದೂ ತಲೆಯಲ್ಲಿತ್ತು. ಬನಿಯನ್ನಿನ ಕಂಕುಳಲ್ಲಿ ಹಳದಿ ಕಲೆ ಕಂಡಿತು. ಆದರೆ ಆಸ್ಪತ್ರೆಯಲ್ಲಿ ಗಾಯಕ್ಕೆ ಹಚ್ಚುವ ಹಳದಿ ಔಷಧಿಯೊಂದಿತ್ತು. ಅವರ ಬಟ್ಟೆಗಳಲ್ಲೆಲ್ಲ ಅದರ ಕಲೆ ಇದ್ದೇ ಇರುತ್ತಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಹಾಗಾಗಿ ಹಳದಿ ನನಗೆ ಹೊಸದಾಗಿ ಕಾಣಲಿಲ್ಲ.

ಕಣ್ಣು ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡಲಿಲ್ಲ. ಮದುವೆಯಾಗಿ ಆರು ವರ್ಷವಾಗಿತ್ತು, ಒಂದು ಮಗುವಿತ್ತು, ಆದರೂ ಗಂಡನ ಮುಖವನ್ನು ನೇರವಾಗಿ ನೋಡಿ ಮಾತಾಡುವ ರೂಢಿ ನನಗಿರಲಿಲ್ಲ. ಅವರ ಎದೆಯ ಮೇಲಿನ ಕರಡಿಗೆಯನ್ನೋ ಊಟದ ತಟ್ಟೆಯನ್ನೋ ನೋಡಿ ಮಾತಾಡುತ್ತಿದ್ದೆ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಹಾಗೇ ಬೆಳೆಸುತ್ತಿದ್ದರು. ನನ್ನಲ್ಲಿ ಅದು ಸ್ವಲ್ಪ ಹೆಚ್ಚೇ ಇತ್ತು.

ಒಂದು ಸೋಮವಾರ ಮಧ್ಯಾಹ್ನ ಅವರು ಬೇಗ ಬಂದರು. ನಲ್ಲಿಯಲ್ಲಿ ನೀರು ಬಿಟ್ಟಿದ್ದರು, ವಠಾರದ ಹೆಂಗಸರೆಲ್ಲ ಅಲ್ಲೇ ಇದ್ದೆವು. ಅವರು ಗೇಟಿನಿಂದ ಗೋಡೆ ಹಿಡಿದುಕೊಂಡು ಬರುತ್ತಿದ್ದರು. ಕಾಲು ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಬೀಳುತ್ತಿತ್ತು. ನನ್ನ ಹತ್ತಿರ ಬಂದು ಏನೋ ಹೇಳಿದರು, ನಾಲಗೆ ದಪ್ಪವಾಗಿತ್ತು. ಟ್ರೇ ಎಲ್ಲಿ, ಟ್ರೇ ತಾ ಎಂದ ಹಾಗೆ ಕೇಳಿತು. ಅಂಗಿಯಿಂದ ಅದೇ ವಾಸನೆ. ಯಾರೋ ಕಿಸಕ್ಕನೆ ನಕ್ಕರು. ಯಾರೋ ಕೊಡ ಎತ್ತಿಕೊಂಡು ದೂರ ಸರಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಚಿಲಕ ಹಾಕಿದೆ.

ಸ್ವಲ್ಪ ಹೊತ್ತಿಗೆ ಅಕ್ಕ ಬಾಗಿಲು ತಟ್ಟಿದಳು. ಕೈಯಲ್ಲಿ ಒಂದು ಚೊಂಬು ಹುಳಿ ಮಜ್ಜಿಗೆ, ಎರಡು ನಿಂಬೆಹಣ್ಣು. ಇದನ್ನು ಕುಡಿಸಿ ಮಲಗಿಸು, ಇಳಿಯುತ್ತೆ ಎಂದಳು. ನಾಳೆ ತಲೆ ಎತ್ತೋಕಾಗಲ್ಲ, ಎಬ್ಬಿಸೋಕೆ ಹೋಗಬೇಡ, ಎಬ್ಬಿಸಿದರೆ ಕೈ ಎತ್ತುತ್ತಾರೆ ಎಂದೂ ಹೇಳಿದಳು. ನಿಮ್ಮಪ್ಪನಿಗೆ ಆಗ ನಾಲ್ಕು ವರ್ಷ, ಅವನು ಇದನ್ನೆಲ್ಲ ನೋಡಬಾರದು ಎಂದು ತನ್ನ ಮನೆಗೆ ಕರೆದುಕೊಂಡು ಹೋದಳು. ನಾನು ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿ ಕುಡಿಸಿದೆ. ಅರ್ಧ ಎದೆಯ ಮೇಲೆ ಹರಿಯಿತು. ಅವರು ಮಲಗಿದರು.

ಮಂಗಳವಾರ ಇಡೀ ದಿನ ಮಲಗಿದ್ದರು. ನಾನು ಎಬ್ಬಿಸಲಿಲ್ಲ. ಒಂದು ಸಲ ಕಣ್ಣು ತೆರೆಯದೆಯೇ ನನ್ನನ್ನು ಅವ್ವ ಎಂದು ಕರೆದರು. ನನಗೆ ಸಿಟ್ಟು ಬಂತು. ಅದನ್ನು ಇಲ್ಲಿ ಬರೆಯಲೇಬೇಕು. ಹೆತ್ತ ತಾಯಿಯನ್ನು ಕುಡಿದ ಬಾಯಲ್ಲಿ ಕರೆಯುತ್ತಾರಲ್ಲ ಎಂದು ಸಿಟ್ಟು ಬಂದು, ಉತ್ತರ ಕೊಡದೆ ಅಡುಗೆ ಮೂಲೆಯಲ್ಲಿ ಕೂತೆ. ಬಾಗಿಲ ಚಿಲಕ ಹಾಕಿಯೇ ಇತ್ತು. ಒಳಗೆ ಏನು ನಡೆಯುತ್ತಿದೆ ಎಂದು ಯಾರಿಗೂ ತಿಳಿಯಬಾರದು ಎಂಬುದೊಂದೇ ನನ್ನ ಚಿಂತೆ.

ಬುಧವಾರ ಬೆಳಿಗ್ಗೆ ದಿಂಬಿನ ಮೇಲೆ ರಕ್ತ ಕಂಡಿತು. ಮೂಗಿನಿಂದ ಬಂದಿತ್ತು. ಕೈಗಳು ತಾವಾಗಿಯೇ ನಡುಗುತ್ತಿದ್ದವು. ಅಲುಗಾಡಿಸಿದರೂ ಎಚ್ಚರವಿಲ್ಲ. ಕುಡಿದದ್ದು ಎರಡು ದಿನ ಇಳಿಯದೆ ಇರುತ್ತದೆಯೇ ಎಂದು ಅಕ್ಕನನ್ನು ಕೇಳಲು ಓಡಿದೆ. ಅವಳು ಬಂದು ನೋಡಿದಳು. ತನ್ನ ಗಂಡನನ್ನು ಕಳಿಸಿ ಆಟೋ ತರಿಸಿದಳು. ಮಾಗಡಿ ರಸ್ತೆಯಲ್ಲೇ ಮುಂದೆ ಹೇರೋಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದ ನಿಮ್ಮಜ್ಜನ ಅಣ್ಣನಿಗೂ ಸುದ್ದಿ ಮುಟ್ಟಿಸಿದಳು.

ನಿಮ್ಮಜ್ಜನನ್ನು ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ಕರೆದುಕೊಂಡು ಹೋದೆವು. ಆ ಹೊತ್ತಿಗೆ ಇದ್ದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, ಸೇರಿ ಸ್ವಲ್ಪ ದಿನವಾಗಿತ್ತು. ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ರೆಪ್ಪೆ ಎತ್ತಿದರು. ಆಗ ನಾನೂ ನೋಡಿದೆ. ಅರಿಶಿನ ಕಲಸಿ ಇಟ್ಟ ಹಾಗಿತ್ತು. ಇಷ್ಟು ದಿನ ಏನಮ್ಮ ಮಾಡ್ತಿದ್ರಿ ಎಂದು ಡಾಕ್ಟರು ಕೇಳಿದರು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಬರೆಯುತ್ತ, ಒಂದೊಂದೇ ಪ್ರಶ್ನೆ ಹಾಕಿದರು. ಊಟ ಯಾವಾಗಿನಿಂದ ಬಿಟ್ಟರು, ವಾಂತಿ ಆಗಿತ್ತೇ. ಭಾವನವರು ಅಷ್ಟರಲ್ಲಿ ಬಂದು ನನ್ನ ಹಿಂದೆ ನಿಂತಿದ್ದರು. ನಾನು ಸೆರಗು ತಲೆಯ ಮೇಲೆಳೆದುಕೊಂಡೆ.

"ಕುಡೀತಾ ಇದ್ರಾ?" ಎಂದರು ಡಾಕ್ಟರು.

ಹೌದು ಎನ್ನಲು ಮನಸ್ಸಿಲ್ಲ, ಇಲ್ಲ ಎನ್ನಲು ನಂಬಿಕೆಯಿಲ್ಲ. ತಲೆ ತಗ್ಗಿಸಿದೆ. ನೆಲದ ಸಿಮೆಂಟು ನೋಡುತ್ತ ನಿಂತೆ. ಡಾಕ್ಟರು ಇನ್ನೊಂದು ಸಲ ಕೇಳಿದರು. ಭಾವನವರು, "ಹೇಳಮ್ಮ, ಡಾಕ್ಟರ ಹತ್ರ ಮುಚ್ಚಿಡಬಾರದು" ಎಂದರು. ನಾನು ತಲೆ ಎತ್ತಲಿಲ್ಲ.

ಪೆನ್ನು ಹಾಳೆಯ ಮೇಲೆ ಓಡಿದ ಸದ್ದು ಕೇಳಿತು. ನಮ್ಮ ಕಡೆಯ ಹೆಣ್ಣು ತಲೆ ತಗ್ಗಿಸಿ ಸುಮ್ಮನಿದ್ದರೆ ಅದಕ್ಕೆ ಒಂದೇ ಅರ್ಥ. ಮದುವೆಗೆ ಒಪ್ಪಿಗೆಯೇ ಎಂದು ನನ್ನನ್ನು ಕೇಳಿದಾಗಲೂ ನಾನು ಹಾಗೇ ಮಾಡಿದ್ದೆ. ಡಾಕ್ಟರೂ ಈ ಕಡೆಯವರೇ, ಅವರಿಗೆ ಅರ್ಥವಾಯಿತು. ಬರೆದುಕೊಂಡರು.

ಶುಕ್ರವಾರ ಬೆಳಿಗ್ಗೆ ಅವರು ಹೋದರು. ಮತ್ತೆ ಎಚ್ಚರವಾಗಲೇ ಇಲ್ಲ. ಅವರಿಗೆ ಮೂವತ್ತೆರಡು ವರ್ಷ.

ಹೇರೋಹಳ್ಳಿಯಲ್ಲಿ ಭಾವನವರ ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. ಅಯ್ಯನವರು ವಿಭೂತಿ ಹಚ್ಚಿ, ಲಿಂಗವನ್ನು ಕೈಯಲ್ಲಿಟ್ಟು ಕೂರಿಸಿದರು. ಬಂದವರು ಏನಾಗಿತ್ತು ಎಂದು ಕೇಳಿದರೆ ಭಾವನವರು, ಏನು ಹೇಳೋದು, ಪಟ್ಟಣ ಸೇರಿ ಕುಡಿಯೋದು ಕಲಿತ, ಲಿವರ್ ಹೋಯ್ತಂತೆ, ಡಾಕ್ಟರೇ ಬರೆದವ್ರೆ ಎಂದು ಹೇಳುತ್ತಿದ್ದರು. ಅಳುತ್ತಲೇ ಹೇಳುತ್ತಿದ್ದರು, ತಮ್ಮನ ಮೇಲೆ ಅವರಿಗೆ ಪ್ರೀತಿಯಿತ್ತು. ನಾನು ಹೆಂಗಸರ ನಡುವೆ ಕೂತು ಎಲ್ಲವನ್ನೂ ಕೇಳಿದೆ. ಆ ಹೊಲವೆಲ್ಲ ಈಗ ಸೈಟುಗಳಾಗಿ ಮನೆಗಳೆದ್ದಿವೆ. ಅವರು ಯಾರ ಮನೆಯ ಕೆಳಗಿದ್ದಾರೋ ನನ್ನಿಂದ ತೋರಿಸಲು ಆಗುವುದಿಲ್ಲ.

ತಿಂಗಳು ಕಳೆದ ಮೇಲೆ ಕೊಡಗಿನ ಆ ಸಿಸ್ಟರ್ ನಮ್ಮ ವಠಾರ ಹುಡುಕಿಕೊಂಡು ಬಂದರು. ಆಸ್ಪತ್ರೆಯಲ್ಲಿ ಉಳಿದಿದ್ದ ಅವರ ಒಂದು ಜೊತೆ ಬಟ್ಟೆ ತಂದಿದ್ದರು. ಚಾಪೆಯ ಮೇಲೆ ಕೂತು ಕಾಫಿ ಕುಡಿದರು. ಆಮೇಲೆ ಕೇಳಿದರು.

"ಅವರು ಕುಡೀತಿದ್ರು ಅಂತ ಯಾಕಮ್ಮ ಬರೆಸಿದ್ರಿ?"

ನಾನು ವಾಸನೆಯ ವಿಷಯ ಹೇಳಿದೆ. ಮಾತು ತುಂಡು ತುಂಡಾಗಿ ಬಂತು. ಸಿಸ್ಟರ್ ಕೈಚೀಲ ಬಿಚ್ಚಿ, ಸ್ಪಿರಿಟ್ಟಿನ ಹತ್ತಿ ಇಟ್ಟಿದ್ದ ಒಂದು ಚಿಕ್ಕ ಸೀಸೆಯ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಅದೇ ವಾಸನೆ. ಕೈಗೆ ಹಾಕಿಕೋ ಎಂದು ಹೇಳಿದ್ದು ತಾನೇ ಎಂದರು. ಸೂಜಿ ಉಗುರಿನ ಕೆಳಗೆ ಇಳಿದದ್ದನ್ನು ನೆನಪಿಸಿ, ರಕ್ತದಿಂದ ರಕ್ತಕ್ಕೆ ಅಂಟುವ ಕಾಮಾಲೆ ಒಂದಿದೆ, ಎಷ್ಟೋ ತಿಂಗಳು ಒಳಗೆ ಅಡಗಿರುತ್ತದೆ, ಲಿವರ್ ಪೂರ್ತಿ ಕೆಟ್ಟಾಗ ತಲೆಗೆ ಏರಿ ಮನುಷ್ಯ ಕುಡಿದವರ ಹಾಗೆ ತೂರಾಡುತ್ತಾನೆ, ತೊದಲುತ್ತಾನೆ ಎಂದು ಬಿಡಿಸಿ ಹೇಳಿದರು. ಆ ಸೋಮವಾರ ಅವರು ಆಸ್ಪತ್ರೆಯಿಂದ ಯಾರಿಗೂ ಹೇಳದೆ ಹೊರಟುಬಿಟ್ಟಿದ್ದರಂತೆ. ಆ ವಾರವೆಲ್ಲ ತಾನು ರಜೆಯಲ್ಲಿದ್ದೆ, ಇದ್ದಿದ್ದರೆ ಬಿಡುತ್ತಿರಲಿಲ್ಲ ಎಂದರು.

ನಾನು ಮರುದಿನವೇ ಡಾಕ್ಟರ ಹತ್ತಿರ ಹೋದೆ. ಜೀವನದಲ್ಲಿ ಒಬ್ಬಳೇ ಯಾರನ್ನೋ ಮಾತಾಡಿಸಲು ಹೋದದ್ದು ಅದೇ ಮೊದಲು. ಹೊರಗಿನ ಬೆಂಚಿನ ಮೇಲೆ ಸರದಿ ಬಂದರೂ ಏಳದೆ ಮೂರು ಜನರನ್ನು ಮುಂದೆ ಬಿಟ್ಟೆ. ಒಳಗೆ ಹೋಗಿ, ಅವರು ಕುಡೀತಿರಲಿಲ್ಲ, ಬರೆದದ್ದನ್ನು ತಿದ್ದಿ ಸಾರ್ ಎಂದೆ. ಡಾಕ್ಟರಿಗೆ ಮೊದಲು ನೆನಪಾಗಲಿಲ್ಲ. ನೆನಪಾದ ಮೇಲೆ ನನ್ನನ್ನು ಕೂರಿಸಿದರು. ಹಾಳೆ ಆಫೀಸಿಗೆ ಹೋಗಿದೆ, ಅದನ್ನು ಈಗ ಯಾರೂ ಮುಟ್ಟುವ ಹಾಗಿಲ್ಲ ಎಂದರು. ಸೂಜಿಯ ಮಾತೆತ್ತಿದಾಗ ಬಾಗಿಲ ಕಡೆ ಒಂದು ಸಲ ನೋಡಿದರು. ಇರಬಹುದು ಎಂದರು. ಖಂಡಿತ ಎಂದು ಹೇಳಲು ತನ್ನಿಂದಾಗದು ಎಂದರು.

ಸೋಮವಾರವೇ ಕರೆದುಕೊಂಡು ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಿದೆ.

"ಗೊತ್ತಿಲ್ಲಮ್ಮ" ಎಂದರು. ಸುಳ್ಳು ಸಮಾಧಾನ ಹೇಳಲಿಲ್ಲ. ಉಳಿಯುತ್ತಿರಲಿಲ್ಲ ಎಂದು ಅವರು ಹೇಳುತ್ತಾರೆ ಎಂಬ ಆಸೆಯಲ್ಲೇ ನಾನು ಅಷ್ಟು ದೂರ ನಡೆದು ಹೋಗಿದ್ದೆ ಎಂದು ಆ ಕುರ್ಚಿಯಲ್ಲಿ ಕೂತಾಗ ನನಗೆ ಗೊತ್ತಾಯಿತು.

ಅಲ್ಲಿಯೇ ಆಯಾ ಕೆಲಸ ಕೊಡುತ್ತೇವೆ ಎಂದು ಆಮೇಲೆ ಹೇಳಿ ಕಳಿಸಿದರು. ಹೋಗಲಿಲ್ಲ. ಮನೆಯಲ್ಲೇ ಊದುಬತ್ತಿ ಹೊಸೆದು ನಿಮ್ಮಪ್ಪನನ್ನು ಓದಿಸಿದೆ. ಎದುರು ಮನೆಯ ಅಕ್ಕನಿಗೆ ಸ್ಪಿರಿಟ್ಟಿನ ವಿಷಯ ಹೇಳಲಿಲ್ಲ. ಹೇಳಿದ್ದರೆ ಆ ಮಜ್ಜಿಗೆಯ ಚೊಂಬು ಅವಳನ್ನು ಸಾಯುವವರೆಗೆ ಬಿಡುತ್ತಿರಲಿಲ್ಲ. ಭಾವನವರಿಗೂ ಹೇಳಲಿಲ್ಲ.

ನಿಮ್ಮಪ್ಪನಿಗೆ ಯಾಕೆ ಹೇಳಲಿಲ್ಲ ಎಂಬುದಕ್ಕೆ ಇಷ್ಟು ವರ್ಷ ನನಗೆ ನಾನೇ ಹಲವು ಕಾರಣ ಕೊಟ್ಟುಕೊಂಡಿದ್ದೇನೆ. ಚಿಕ್ಕವನು, ಅರ್ಥವಾಗುವುದಿಲ್ಲ ಎಂದೆ. ಆಮೇಲೆ, ಅಪ್ಪ ಕುಡಿದು ಸತ್ತರು ಎಂದು ನಂಬಿದ್ದಕ್ಕೇ ಅವನು ಕುಡಿಯುವವರ ಜೊತೆ ಸೇರಲಿಲ್ಲ, ಹಾಗೇ ಇರಲಿ ಎಂದೆ. ಯಾವುದೂ ನಿಜವಲ್ಲ. ಅವರು ಕುಡಿಯುತ್ತಿರಲಿಲ್ಲ ಎಂದು ಹೇಳಿದ ಕೂಡಲೇ ಅವನು ಮುಂದಿನ ಪ್ರಶ್ನೆ ಕೇಳುತ್ತಾನೆ. ಮತ್ತೆ ಎರಡು ದಿನ ಮನೆಯಲ್ಲಿ ಯಾಕೆ ಇಟ್ಟುಕೊಂಡಿದ್ದೆ ಎಂದು ಕೇಳುತ್ತಾನೆ. ಅದಕ್ಕೆ ಚಿಲಕದ ವಿಷಯ ಹೇಳಬೇಕು. ಅವ್ವ ಎಂದು ಕರೆದಾಗ ನಾನು ಅಡುಗೆ ಮೂಲೆಯಲ್ಲಿ ಕೂತಿದ್ದೆ ಎಂದು ಹೇಳಬೇಕು. ಅದನ್ನು ಹೇಳುವುದಕ್ಕಿಂತ, ತಪ್ಪು ಮಾಡದ ಮನುಷ್ಯನ ಮೇಲೆ ತಪ್ಪು ಇರಲಿ ಎಂದು ಬಿಟ್ಟೆ. ಅವರು ಎದ್ದು ಬಂದು ಅಲ್ಲ ಎನ್ನುವ ಹಾಗಿರಲಿಲ್ಲವಲ್ಲ.

ಇದನ್ನು ನೀವೇ ನಿಮ್ಮಪ್ಪನಿಗೆ ಓದಿ ಹೇಳಿ. ಮಧ್ಯದಲ್ಲಿ ಏನನ್ನೂ ಬಿಡಬೇಡಿ, ಮಂಗಳವಾರದ್ದನ್ನೂ ಓದಿ. ನಾನು ಮನೆಯಲ್ಲಿ ಇಲ್ಲದ ಹೊತ್ತು ನೋಡಿಕೊಂಡು ಓದಿ. ಓದಿಸಿಕೊಂಡ ಮೇಲೆ ಅವನು ನನ್ನನ್ನು ಏನಾದರೂ ಕೇಳುವುದಿದ್ದರೆ ಕೇಳಲಿ. ಈ ಸಲ ನಾನು ತಲೆ ತಗ್ಗಿಸಿದರೆ, ಎತ್ತು ಎಂದು ಹೇಳಲಿ.